ಕೋಣೆಯ ಉಸಿರಿಗೆ ಲೆಕ್ಕ ಸಿಕ್ಕಿದ್ದು

ಮ್ಯೂನಿಕ್ ನಗರದ ತನ್ನ ಓದುವ ಕೋಣೆಯ ಕಿಟಕಿ-ಬಾಗಿಲುಗಳ ಸಂದುಗೊಂದಿಗೆಲ್ಲ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ ದಪ್ಪ ಕಾಗದ ಅಂಟಿಸಿದ. ಬೀಗದ ಕಿಂಡಿಯನ್ನೂ ಬಿಡಲಿಲ್ಲ. 1850ರ ದಶಕದ ಮಾತು. ಒಳಗೆ ಒಲೆಯ ಬಿಸಿ, ಹೊರಗೆ ಕೊರೆಯುವ ಚಳಿ. ಕೋಣೆಯ ಗಾತ್ರ 75 ಘನ ಮೀಟರ್. ಸಂದು ಮುಚ್ಚುವ ಮೊದಲು ಗಂಟೆಗೆ ಸುಮಾರು 75 ಘನ ಮೀಟರ್ ಹೊಸ ಗಾಳಿ ಒಳಗೆ ಬರುತ್ತಿತ್ತು. ಅಂದರೆ ಗಂಟೆಗೊಮ್ಮೆ ಕೋಣೆಯ ತುಂಬ ಬೇರೆ ಗಾಳಿ. ಎಲ್ಲ ಮುಚ್ಚಿದ ಮೇಲೂ ಅದು 54ಕ್ಕೆ ಇಳಿಯಿತು, ಅಷ್ಟೆ.

ಕಣ್ಣಿಗೆ ಕಾಣದ ಗಾಳಿ ಎಷ್ಟು ಬಂತು, ಎಷ್ಟು ಹೋಯಿತು ಎಂದು ಅಳೆದದ್ದು ಹೇಗೆ? ಆತ ಕೋಣೆಯೊಳಗೆ ಬೇಕೆಂದೇ ಇಂಗಾಲದ ಡೈಆಕ್ಸೈಡ್ ಹುಟ್ಟಿಸಿದ. ಅದು ಕೋಣೆಯಲ್ಲಿ ಚೆನ್ನಾಗಿ ಬೆರೆತ ಮೇಲೆ, ಹೊತ್ತು ಹೋದಂತೆ ಎಷ್ಟೆಷ್ಟು ಕಡಿಮೆಯಾಗುತ್ತದೆ ಎಂದು ನೋಡುತ್ತ ಕೂತ. ಬೇಗ ಇಳಿದರೆ ಹೊರಗಿನ ಗಾಳಿ ಹೆಚ್ಚು ಬರುತ್ತಿದೆ ಎಂದರ್ಥ, ನಿಧಾನವಾಗಿ ಇಳಿದರೆ ಕಡಿಮೆ. ಈ ಇಳಿಕೆಯಿಂದ ಗಾಳಿಯ ಪ್ರಮಾಣ ತಿಳಿಯುವ ಸೂತ್ರವನ್ನು ಸೈಡೆಲ್ ಎಂಬ ಗಣಿತಜ್ಞ ಮಾಡಿಕೊಟ್ಟ. ಇಂದಿಗೂ ದೊಡ್ಡ ಕಟ್ಟಡಗಳ ಗಾಳಿಯಾಟವನ್ನು ಪರೀಕ್ಷಿಸುವ ಎಂಜಿನಿಯರುಗಳು ಬಳಸುವ ದಾರಿಗಳಲ್ಲಿ ಇದೂ ಒಂದು.

ಅಳೆಯುವ ಕೆಲಸ ನಡೆದದ್ದು ಬಾಟಲಿಯಲ್ಲಿ. ಹಲವು ಲೀಟರು ಹಿಡಿಸುವ ಗಾಜಿನ ಬಾಟಲಿಗೆ ತಿದಿಯಿಂದ ಕೋಣೆಯ ಗಾಳಿ ತುಂಬಿಸಿ, ಬೇರಿಯಂ ಹೈಡ್ರಾಕ್ಸೈಡ್ ಕರಗಿಸಿದ ನೀರನ್ನು ಅಳೆದು ಹೊಯ್ದು ಕುಲುಕಬೇಕು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಹಾಲಿನಂತಾಗುವುದನ್ನು ನಾವೆಲ್ಲ ಶಾಲೆಯಲ್ಲಿ ಕಂಡಿದ್ದೇವೆ. ಇಲ್ಲಿ ಆಗುವುದೂ ಅದೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇರಿಯಂ ಜೊತೆ ಕೂಡಿ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಇನ್ನು ಉಳಿದ ಕ್ಷಾರ ಎಷ್ಟೆಂದು ತಿಳಿಯಬೇಕು. ಅದಕ್ಕೆ ಆಕ್ಸಾಲಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ, ನಡುನಡುವೆ ಒಂದು ಹನಿ ತೆಗೆದು ಅರಿಶಿನ ಹಚ್ಚಿದ ಕಾಗದದ ಮೇಲೆ ಬಿಡುವುದು. ಕ್ಷಾರ ಉಳಿದಿರುವವರೆಗೂ ಹನಿಯ ಸುತ್ತ ಕಂದು ಬಳೆ ಮೂಡುತ್ತದೆ. ಬಳೆ ಮೂಡದ ಕ್ಷಣಕ್ಕೆ ಲೆಕ್ಕ ಮುಗಿಯಿತು. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಆರತಿ ಎತ್ತುವ ನಮ್ಮ ಮನೆಗಳಲ್ಲಿ ಈ ಬಣ್ಣ ತಿರುಗುವ ಗುಟ್ಟು ಹೆಂಗಸರಿಗೆಲ್ಲ ಗೊತ್ತು. ಮನೆಯೊಳಗಿನ ಗಾಳಿಗೆ ಮೊದಲ ನಂಬಲರ್ಹ ಅಂಕಿ ಕೊಟ್ಟ ವಿಧಾನದಲ್ಲಿ ಅರಿಶಿನದ ಕೈಯೂ ಇತ್ತು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಸಂದು ಮುಚ್ಚಿದರೂ ಗಾಳಿ ಬರುತ್ತಿದೆಯಲ್ಲ, ಅದು ಇಟ್ಟಿಗೆಯ ಗೋಡೆಯೊಳಗಿಂದಲೇ ಬರುತ್ತಿರಬೇಕು ಎಂದು ಆತ ತೀರ್ಮಾನಿಸಿದ. ಇಟ್ಟಿಗೆಯ ಒಂದು ಬದಿಯಿಂದ ಊದಿ ಇನ್ನೊಂದು ಬದಿಯ ಮೇಣದಬತ್ತಿ ಆರಿಸಿ ತೋರಿಸಿದ. 'ಗೋಡೆ ಉಸಿರಾಡುತ್ತದೆ' ಎಂಬ ಮಾತು ಅಲ್ಲಿಂದ ಬಲವಾಗಿ ಬೇರೂರಿತು. ಅದು ತಪ್ಪು. ಗಾರೆ ಮೆತ್ತಿದ ಗೋಡೆಯಲ್ಲಿ ಹಾಯುವ ಗಾಳಿ ನಗಣ್ಯ ಎಂದು 20ನೇ ಶತಮಾನದಲ್ಲಿ ಅಳೆದವರು ತೋರಿಸಿದರು. ಪೆಟೆನ್‌ಕೋಫರನ ಕೋಣೆಗೆ ಗಾಳಿ ನುಗ್ಗಿದ್ದು ಆತನ ಕಣ್ಣಿಗೆ ಬೀಳದ ಬೇರೆ ಸಂದುಗಳಿಂದ. ಆದರೆ ಅಳತೆ ಸರಿಯಾಗಿತ್ತು. ವಿವರಣೆ ಬಿದ್ದುಹೋದರೂ ಅಳತೆ ಉಳಿಯಿತು.

1858ರಲ್ಲಿ ವಾಸದ ಮನೆಗಳ ಗಾಳಿ ಬದಲಾವಣೆಯ ಬಗ್ಗೆ ಆತ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಮುಖ್ಯವಾದ ಒಂದು ಮಾತಿದೆ. ಜನ ಕೂತ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರಕ್ಕೆ ಒಂದು ಪಾಲು ದಾಟಿದರೆ ಆ ಗಾಳಿ ಕೆಟ್ಟಿತು ಎಂದು ತಿಳಿಯಬೇಕು. ಇಂದಿನ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಸಾವಿರ ಪಾಲು, 1000 ಪಿಪಿಎಂ. ಆ ಅನಿಲವೇ ವಿಷ ಎಂದು ಆತ ಹೇಳಲಿಲ್ಲ. ಆಮ್ಲ, ಸೋಡಾ ಬೆರೆಸಿ ಹುಟ್ಟಿಸಿದ ಶುದ್ಧ ಇಂಗಾಲದ ಡೈಆಕ್ಸೈಡ್ ಇದರ ಹತ್ತುಪಟ್ಟು ಇದ್ದರೂ ತೊಂದರೆಯಾಗದು ಎಂಬುದು ಆತನಿಗೆ ಗೊತ್ತಿತ್ತು. ಮನುಷ್ಯರ ಮೈಯಿಂದ, ಉಸಿರಿನಿಂದ ಹೊರಬೀಳುವ ನೂರೆಂಟು ವಸ್ತುಗಳನ್ನು ಒಂದೊಂದಾಗಿ ಅಳೆಯಲು ಆಗುವುದಿಲ್ಲ. ಅವುಗಳ ಜೊತೆಗೇ ಹೊರಬರುವ ಈ ಒಂದನ್ನು ಅಳೆಯಬಹುದು. ಇದು ಹೆಚ್ಚಿದೆ ಎಂದರೆ ಉಳಿದವೂ ಹೆಚ್ಚಿವೆ. ಇದು ಸೂಚಕ, ಆರೋಪಿಯಲ್ಲ. ಮುಂದಿನ ಒಂದೂವರೆ ಶತಮಾನದ ಗೊಂದಲವೆಲ್ಲ ಹುಟ್ಟಿದ್ದು ಈ ಸಣ್ಣ ವ್ಯತ್ಯಾಸವನ್ನು ಮರೆತದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಗೊಂದಲದ ದೊಡ್ಡ ತಿರುವು ಬ್ರೆಸ್ಲೌ ನಗರದಲ್ಲಿ ಬಂತು. ಇಂದು ಪೋಲೆಂಡಿನಲ್ಲಿರುವ ಆ ಊರಿನಲ್ಲಿ 1905ರಲ್ಲಿ ಆರೋಗ್ಯಶಾಸ್ತ್ರಜ್ಞ ಕಾರ್ಲ್ ಫ್ಲೂಗೆಯ ಶಿಷ್ಯರು ಜನರನ್ನು ಪೆಟ್ಟಿಗೆಯಂಥ ಸಣ್ಣ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ ಒಳಗಿದ್ದವರಿಗೆ ತಲೆ ಭಾರ, ಬೆವರು, ಸಂಕಟ. ಆಗ ಅವರ ಬಾಯಿಗೆ ಒಂದು ಕೊಳವೆ ಕೊಟ್ಟು ಹೊರಗಿನ ಶುದ್ಧ ಗಾಳಿಯನ್ನೇ ಉಸಿರಾಡಿಸಿದರು. ಸಂಕಟ ಕಡಿಮೆಯಾಗಲಿಲ್ಲ. ಹೊರಗೆ ತಂಪಾಗಿ ನಿಂತವರಿಗೆ ಇನ್ನೊಂದು ಕೊಳವೆಯಿಂದ ಪೆಟ್ಟಿಗೆಯೊಳಗಿನ ಕೆಟ್ಟ ಗಾಳಿ ಉಸಿರಾಡಿಸಿದರು. ಅವರಿಗೆ ಏನೂ ಆಗಲಿಲ್ಲ. ಕೆಲವು ವರ್ಷಗಳ ನಂತರ ಲಂಡನ್ನಿನಲ್ಲಿ ಲೆನಾರ್ಡ್ ಹಿಲ್ ಎಂಬ ಶರೀರಶಾಸ್ತ್ರಜ್ಞ ಇದನ್ನೇ ಮತ್ತೆ ಮಾಡಿ ನೋಡಿದ. ವಿದ್ಯಾರ್ಥಿಗಳ ಗುಂಪೊಂದು ಪೆಟ್ಟಿಗೆಯೊಳಗೆ ಹೋಯಿತು. ಮೊದಲು ನಗು, ತಮಾಷೆ. ಬರಬರುತ್ತ ಮಾತು ನಿಂತಿತು, ಮುಖ ಕೆಂಪಾಯಿತು. ಸಿಗರೇಟು ಹಚ್ಚಲು ಹೋದರೆ ಬೆಂಕಿಕಡ್ಡಿ ಹತ್ತುತ್ತಿಲ್ಲ. ಆಮ್ಲಜನಕ ಅಷ್ಟು ಇಳಿದಿದೆ ಎಂಬುದೇ ಅವರಿಗೆ ಹೊಳೆಯಲಿಲ್ಲ. ಇಂಗಾಲದ ಡೈಆಕ್ಸೈಡ್ ಶೇ. 3ನ್ನೂ ದಾಟಿತ್ತು. ಆಗ ಹಿಲ್ ಒಳಗಿನ ವಿದ್ಯುತ್ ಫ್ಯಾನ್ ಹಾಕಿಸಿದ. ಅದೇ ಗಾಳಿ, ಅದೇ ಪೆಟ್ಟಿಗೆ. ಫ್ಯಾನ್ ತಿರುಗಿದ ಕೂಡಲೇ ಎಲ್ಲರಿಗೂ ಹಾಯೆನಿಸಿತು.

ಈ ಇಡೀ ಕತೆಯಲ್ಲಿ ನನ್ನನ್ನು ಅತಿ ಹೆಚ್ಚು ಯೋಚಿಸುವಂತೆ ಮಾಡಿದ ಪ್ರಯೋಗ ಇದು. ಕಿಕ್ಕಿರಿದ ಕೋಣೆಯಲ್ಲಿ ನಮಗೆ ಆಗುವ ಕಸಿವಿಸಿಗೆ ಕಾರಣ ಸೆಕೆ ಮತ್ತು ತೇವ ಎಂದು ಫ್ಲೂಗೆ, ಹಿಲ್ ಸರಿಯಾಗಿಯೇ ಕಂಡುಕೊಂಡರು. ಮೈಗೆ ಬಿಸಿ ಹೊರಹಾಕಲು ಆಗದಿದ್ದಾಗ ಸಂಕಟವಾಗುತ್ತದೆ, ಗಾಳಿ ಬೀಸಿದರೆ ಬೆವರು ಆರಿ ಸಂಕಟ ಹೋಗುತ್ತದೆ. ಆದರೆ ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತ್ತು: ಉಸಿರು ಎಷ್ಟು ಕೆಟ್ಟಿದೆ ಎಂಬುದನ್ನು ತಿಳಿಯುವ ಇಂದ್ರಿಯ ನಮಗಿಲ್ಲ. ಮೂಗಿಗೆ ವಾಸನೆ ತಿಳಿಯುತ್ತದಾದರೂ ಕೋಣೆಯೊಳಗೆ ಕೂತ ಕೆಲವೇ ನಿಮಿಷದಲ್ಲಿ ಅದು ಒಗ್ಗಿಕೊಂಡುಬಿಡುತ್ತದೆ. ಮೈಗೆ ಹಿತವಾಗಿದ್ದರೆ ಗಾಳಿ ಒಳ್ಳೆಯದಿದೆ ಎಂದೇ ನಂಬುತ್ತೇವೆ. ಮುಂದಿನ ಅರ್ಧ ಶತಮಾನ ಎಂಜಿನಿಯರುಗಳು ಹಿತದ ಹಿಂದೆ ಹೋದರು. ಪೆಟೆನ್‌ಕೋಫರನ ಅಂಕಿ ಹಿಂದಕ್ಕೆ ಸರಿಯಿತು.

ಹಿತವನ್ನು ಕಾಯುವ ಯಂತ್ರ ಆಗಲೇ ಬಂದಿತ್ತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಮೇಷ್ಟ್ರು ಪಾಠ ಮಾಡುತ್ತಿದ್ದ. ನೆಲಮಾಳಿಗೆಯ ಕುಲುಮೆ ನೋಡಿಕೊಳ್ಳುವ ಜವಾನ ಆಗಾಗ ತರಗತಿಗೆ ಬಂದು ಥರ್ಮಾಮೀಟರ್ ನೋಡಿ, ಮತ್ತೆ ಕೆಳಗಿಳಿದು ಬಿಸಿಗಾಳಿಯ ದಾರಿಯ ತಡೆಬಾಗಿಲುಗಳನ್ನು ಹೊಂದಿಸಬೇಕಿತ್ತು. ಪಾಠ ಕೆಡುತ್ತಿತ್ತು. ಜಾನ್ಸನ್ ತರಗತಿಯ ಉಷ್ಣಾಂಶ ಬದಲಾದಾಗ ಕೆಳಗಿನ ಕೋಣೆಯಲ್ಲಿ ಗಂಟೆ ಬಾರಿಸುವ ವಿದ್ಯುತ್ ಸಾಧನ ಮಾಡಿ 1883ರಲ್ಲಿ ಪೇಟೆಂಟ್ ಪಡೆದ. 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಕಟ್ಟಿದ. ಕೋಣೆಯೇ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವ ಕಟ್ಟಡ ಶುರುವಾದದ್ದು ಆ ಗಂಟೆಯಿಂದ. ಮುಂದೆ ಜವಾನನ ಕೆಲಸವನ್ನೂ ಯಂತ್ರವೇ ಮಾಡತೊಡಗಿತು. ಆದರೆ ಆ ಗಂಟೆ ಸೆಕೆಗೆ, ಚಳಿಗೆ ಮಾತ್ರ ಬಾರಿಸುತ್ತಿತ್ತು. ಉಸಿರು ಕೆಟ್ಟರೆ ಬಾರಿಸುವ ಗಂಟೆಗೆ ಇನ್ನೊಂದು ಆವಿಷ್ಕಾರ ಬೇಕಿತ್ತು. ಬಾಟಲಿ, ಆಮ್ಲ, ಅರಿಶಿನದ ಕಾಗದ ಹಿಡಿದು ಪ್ರತಿ ಕೋಣೆಯಲ್ಲಿ ಯಾರೂ ಕೂರಲಾರರು.

ಅದರ ಬೀಜ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಬಿದ್ದಿತ್ತು. ಐರ್ಲೆಂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಜಾನ್ ಟಿಂಡಲ್ 1859ರಲ್ಲಿ ಹಿತ್ತಾಳೆಯ ಉದ್ದ ಕೊಳವೆಯೊಂದರ ಎರಡೂ ತುದಿಗೆ ಕಲ್ಲುಪ್ಪಿನ ಬಿಲ್ಲೆ ಕೂರಿಸಿದ. ಗಾಜು ಶಾಖಕಿರಣಗಳನ್ನು ತಡೆಯುತ್ತದೆ, ಕಲ್ಲುಪ್ಪು ಬಿಟ್ಟುಕೊಡುತ್ತದೆ, ಅದಕ್ಕೇ ಉಪ್ಪು. ಒಂದು ತುದಿಯಲ್ಲಿ ಬಿಸಿಯ ಮೂಲ, ಇನ್ನೊಂದು ತುದಿಯಲ್ಲಿ ಶಾಖ ತಾಗಿದರೆ ವಿದ್ಯುತ್ ಹುಟ್ಟಿಸಿ ಮುಳ್ಳು ಅಲುಗಿಸುವ ಸಾಧನ. ನಡುವೆ ಒಂದೊಂದೇ ಅನಿಲ ತುಂಬಿ ನೋಡಿದ. ಆಮ್ಲಜನಕ, ಸಾರಜನಕ ತುಂಬಿದಾಗ ಮುಳ್ಳು ಅಲುಗಿದಂತೆಯೇ ಕಾಣಲಿಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್ ಬಂದಾಗ ಅವು ಅವಕೆಂಪು ಕಿರಣಗಳನ್ನು ನುಂಗಿದವು, ಮುಳ್ಳು ಸರಿಯಿತು. ಭೂಮಿಯ ವಾತಾವರಣ ಬೆಚ್ಚಗಿರುವುದು ಹೇಗೆಂದು ತಿಳಿಸಿದ ಪ್ರಯೋಗ ಎಂದು ಇದನ್ನು ಇಂದು ಹೊಗಳುತ್ತಾರೆ. ಅದೇ ಕೊಳವೆಗೆ ಮನುಷ್ಯರ ಉಸಿರನ್ನು ತುಂಬಿ ಅಳೆದದ್ದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಆ ಕೆಲಸ ಮಾಡಿದ್ದು ಟಿಂಡಲ್‌ನ ಸಹಾಯಕ ವಿಲಿಯಂ ಬ್ಯಾರೆಟ್, 1864ರಲ್ಲಿ. ಬಿಸಿಯ ಮೂಲವಾಗಿ ಆತ ಬಳಸಿದ್ದು ಇಂಗಾಲದ ಮಾನಾಕ್ಸೈಡ್ ಉರಿಯುವ ಜ್ವಾಲೆ. ಮಾನಾಕ್ಸೈಡ್ ಉರಿದರೆ ಕಾದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಹೊರಸೂಸುವ ಕಿರಣಗಳು ತಣ್ಣಗಿನ ಇಂಗಾಲದ ಡೈಆಕ್ಸೈಡ್ ನುಂಗುವ ಕಿರಣಗಳೇ. ಹಾವಿನ ಹೆಜ್ಜೆಯನ್ನು ಹಾವೇ ಬಲ್ಲದು ಎಂಬ ಹಾಗೆ, ಆ ಜ್ವಾಲೆಯ ಬೆಳಕಿಗೆ ಉಸಿರಿನೊಳಗಿನ ಇಂಗಾಲದ ಡೈಆಕ್ಸೈಡ್ ಮಾತ್ರ ಎದ್ದು ಕಾಣುತ್ತಿತ್ತು. ಉಸಿರಿನಲ್ಲಿ ಅದು ನೂರಕ್ಕೆ ಸುಮಾರು ನಾಲ್ಕು ಪಾಲು. ರಸಾಯನಶಾಸ್ತ್ರಜ್ಞ ಫ್ರಾಂಕ್‌ಲಂಡ್ ಬೇರೆಯಾಗಿ ಮಾಡಿದ ವಿಶ್ಲೇಷಣೆಗೂ ಇದಕ್ಕೂ ಹೊಂದಿಕೆಯಿತ್ತು. ಬಾಟಲಿ ಬೇಡ, ಆಮ್ಲ ಬೇಡ, ಹನಿ ಎಣಿಸಬೇಕಿಲ್ಲ.

ಆದರೂ ಈ ಉಪಾಯ ಪ್ರಯೋಗಶಾಲೆಯ ಹೊರಗೆ ಬರಲು ಮುಕ್ಕಾಲು ಶತಮಾನ ಬೇಕಾಯಿತು. 1938ರಲ್ಲಿ ಜರ್ಮನಿಯ ಲುಡ್ವಿಗ್‌ಸ್‌ಹಾಫೆನ್‌ನ ರಾಸಾಯನಿಕ ಕಾರ್ಖಾನೆಯಲ್ಲಿ ಕಾರ್ಲ್ ಲುಫ್ಟ್ ಮತ್ತು ಎರ್ವಿನ್ ಲೇರರ್ ಹಗಲು-ರಾತ್ರಿ ತಾನಾಗಿಯೇ ಅಳೆದು ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ ಕಟ್ಟಿದರು. ಬ್ಯಾರೆಟ್ ಬೆಳಕಿನ ಕಡೆಯಲ್ಲಿ ಮಾಡಿದ್ದನ್ನು ಅವರು ಕಿರಣ ಬೀಳುವ ಕಡೆಯಲ್ಲಿ ಮಾಡಿದರು: ಅಳೆಯಬೇಕಾದ ಅನಿಲವನ್ನೇ ಒಂದು ಪುಟ್ಟ ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟರು. ದಾರಿಯಲ್ಲಿ ಆ ಅನಿಲ ಹೆಚ್ಚಿದ್ದರೆ ಡಬ್ಬಿಗೆ ತಲುಪುವ ಕಿರಣ ಕಡಿಮೆ, ಡಬ್ಬಿಯ ಅನಿಲ ಕಾಯುವುದೂ ಹಿಗ್ಗುವುದೂ ಕಡಿಮೆ. ತೆಳು ಪೊರೆಯೊಂದು ಆ ಹಿಗ್ಗನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಇದೇ ಬಗೆಯ ಉಪಕರಣ ಇಟ್ಟುಕೊಂಡು ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಹೊರಗಿನ ಗಾಳಿಯನ್ನು ಅಳೆಯಲು ಕೂತ. ಆಗ ಸಿಕ್ಕ ಅಂಕಿ ಸುಮಾರು 313 ಪಿಪಿಎಂ.

ಕಟ್ಟಡಗಳಿಗೆ ಇದು ಬೇಕೆನಿಸಿದ್ದು ಕಷ್ಟ ಬಂದಾಗ. 1973ರ ತೈಲ ಬಿಕ್ಕಟ್ಟಿನಿಂದ ಬೆಚ್ಚಿದ ಶೀತದೇಶಗಳು ಕಟ್ಟಡಗಳ ಸಂದುಗಳನ್ನೆಲ್ಲ ಬಿಗಿದವು. ಹೊರಗಿನ ಗಾಳಿಯನ್ನು ಕಾಯಿಸುವ ಖರ್ಚು ಉಳಿಸಲು ಅದರ ಪ್ರಮಾಣವನ್ನೇ ಇಳಿಸಿದವು. ಧೂಮಪಾನವಿಲ್ಲದ ಕಚೇರಿಯಲ್ಲಿ ಒಬ್ಬರಿಗೆ ಸೆಕೆಂಡಿಗೆ ಎರಡೂವರೆ ಲೀಟರ್ ಹೊಸ ಗಾಳಿ ಸಾಕು ಎಂದು ಅಮೆರಿಕದ ಎಂಜಿನಿಯರುಗಳ ಸಂಘ ಆಶ್ರೇ 1981ರ ಮಾನದಂಡದಲ್ಲಿ ಬರೆಯಿತು. ಆ ದಶಕದಲ್ಲೇ ಕಚೇರಿಯಲ್ಲಿದ್ದಾಗ ತಲೆನೋವು, ಕಣ್ಣುರಿ, ಆಯಾಸ, ಮನೆಗೆ ಹೋದರೆ ವಾಸಿ ಎಂಬ ದೂರುಗಳು ಹೆಚ್ಚಾದವು. ವಿಶ್ವ ಆರೋಗ್ಯ ಸಂಸ್ಥೆಯ ವರದಿಗಳಲ್ಲಿ ಇದಕ್ಕೆ 'ಸಿಕ್ ಬಿಲ್ಡಿಂಗ್ ಸಿಂಡ್ರೋಮ್' ಎಂಬ ಹೆಸರು ಬಂತು. 1989ರಲ್ಲಿ ಆಶ್ರೇ ಕಚೇರಿಗಳ ಆ ಪ್ರಮಾಣವನ್ನು ನಾಲ್ಕುಪಟ್ಟು ಮಾಡಿತು. ಖಾಲಿ ಸಭಾಂಗಣಕ್ಕೆ ಅಷ್ಟು ಗಾಳಿ ನೂಕುವುದು ದಂಡ, ತುಂಬಿದ ಸಭಾಂಗಣಕ್ಕೆ ನೂಕದಿರುವುದು ಅನ್ಯಾಯ. ಜನ ಎಷ್ಟಿದ್ದಾರೆ ಎಂದು ಕಟ್ಟಡಕ್ಕೆ ಗೊತ್ತಾಗಬೇಕು. 1990ರ ದಶಕದಲ್ಲಿ ಅಗ್ಗವಾದ ಸೆನ್ಸರುಗಳು ಆ ಕೆಲಸಕ್ಕೆ ನಿಂತವು: ಒಂದು ಪುಟ್ಟ ಬಲ್ಬು, ಬೆರಳುದ್ದದ ಕೊಳವೆ, 4.26 ಮೈಕ್ರೋಮೀಟರ್ ತರಂಗಾಂತರವನ್ನು ಮಾತ್ರ ಬಿಡುವ ಸೋಸುಗಾಜು, ತುದಿಯಲ್ಲಿ ಕಿರಣ ಅಳೆಯುವ ಚಿಪ್. ಅಂಕಿ ಏರಿದರೆ ಮೋಟಾರು ಹೊರಗಾಳಿಯ ತಡೆಬಾಗಿಲನ್ನು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಜಾನ್ಸನ್ನನ ಗಂಟೆಗೆ ಪೆಟೆನ್‌ಕೋಫರನ ಬಾಟಲಿ ಕೊನೆಗೂ ಸೇರಿತು.

ಸೂಚಕವೋ ಆರೋಪಿಯೋ ಎಂಬ ಹಳೆಯ ಪ್ರಶ್ನೆ ಆಮೇಲೂ ತಣ್ಣಗಾಗಲಿಲ್ಲ. 2012ರಲ್ಲಿ ಅಮೆರಿಕದ ಸಿರಾಕ್ಯೂಸ್‌ನ ಉಷಾ ಸತೀಶ್ ಮತ್ತು ಸಂಗಡಿಗರು 22 ಜನರನ್ನು ಕೂರಿಸಿ, ಶುದ್ಧ ಇಂಗಾಲದ ಡೈಆಕ್ಸೈಡನ್ನೇ 1000, 2500 ಪಿಪಿಎಂವರೆಗೆ ಏರಿಸಿದಾಗ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಂದಿತು ಎಂದು ವರದಿ ಮಾಡಿದರು. 2017ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನ ಬೇರೆಯೇ ಹೇಳಿತು: ಶುದ್ಧ ಅನಿಲ 3000 ಪಿಪಿಎಂ ಇದ್ದರೂ ಗಣನೀಯ ವ್ಯತ್ಯಾಸವಿಲ್ಲ, ಆದರೆ ಜನರ ಮೈಯುಸಿರಿನಿಂದಲೇ ಅಷ್ಟು ಏರಿದಾಗ ತಲೆನೋವು, ಮಂಕು ಹೆಚ್ಚಿತು, ಕೆಲಸದ ವೇಗ ತಗ್ಗಿತು. ಎರಡನೆಯದು ಮ್ಯೂನಿಕ್‌ನ ಹಳೆಯ ಮಾತಿಗೆ ಹತ್ತಿರವಾಗಿದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸೋಂಕುರೋಗಗಳಿಂದ ಬಂತು. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಲೆಯೊಂದರಲ್ಲಿ ದಡಾರವಿದ್ದ ಒಂದೇ ಮಗುವಿನಿಂದ 14 ತರಗತಿಗಳ 28 ಮಕ್ಕಳಿಗೆ ರೋಗ ಹಬ್ಬಿತು. ಆ ಮಕ್ಕಳಲ್ಲಿ ಹೆಚ್ಚಿನವರು ಆ ಮಗುವಿನ ಜೊತೆ ಒಂದೇ ಕೋಣೆಯಲ್ಲಿ ಕೂತವರಲ್ಲ. ಗಾಳಿಯನ್ನು ಮತ್ತೆ ಮತ್ತೆ ತಿರುಗಿಸುವ ಕೊಳವೆಗಳು ರೋಗವನ್ನು ಕೋಣೆಯಿಂದ ಕೋಣೆಗೆ ಹೊತ್ತವು. ಇನ್ನೊಬ್ಬರು ಬಿಟ್ಟ ಉಸಿರನ್ನು ನಾವು ಎಷ್ಟು ಎಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ಇಂಗಾಲದ ಡೈಆಕ್ಸೈಡ್ ಹೇಳುತ್ತದೆ ಎಂದು 2003ರಲ್ಲಿ ಸ್ಟೀಫನ್ ರಡ್ನಿಕ್ ಮತ್ತು ಡೊನಾಲ್ಡ್ ಮಿಲ್ಟನ್ ಲೆಕ್ಕ ಹಾಕಿ ತೋರಿಸಿದರು. ಹೊರಗೆ 425, ಒಳಗೆ 1200 ಪಿಪಿಎಂ ಇದ್ದರೆ, ನಾವು ಒಳಗೆಳೆಯುವ ಗಾಳಿಯ ಐವತ್ತರಲ್ಲಿ ಒಂದು ಪಾಲು ಯಾರದೋ ಪುಪ್ಪುಸದಿಂದ ಆಗಷ್ಟೇ ಹೊರಬಂದದ್ದು. ತೈಪೆಯ ವಿಶ್ವವಿದ್ಯಾಲಯವೊಂದರಲ್ಲಿ ಕ್ಷಯ ಹಬ್ಬಿದಾಗ ಕೋಣೆಗಳಲ್ಲಿ ಸುಮಾರು 3200 ಪಿಪಿಎಂ ಇತ್ತು. ಗಾಳಿಯಾಟ ಸರಿಪಡಿಸಿ 1000ಕ್ಕಿಂತ ಕೆಳಗಿಳಿಸಿದ್ದಕ್ಕೂ ಸಂಪರ್ಕಕ್ಕೆ ಬಂದವರಲ್ಲಿ ಹೊಸ ಕ್ಷಯ ಶೇ. 97 ಕಡಿಮೆಯಾದದ್ದಕ್ಕೂ ನಂಟಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅರಿಶಿನದ ಕಾಗದದ ಕಾಲದ ಅದೇ 1000.

ಕೋವಿಡ್ ಬಂದ ಮೇಲೆ ಬ್ರಿಟನ್ ಸರ್ಕಾರ 2021ರಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಸುಮಾರು ಮೂರು ಲಕ್ಷ ಇಂಗಾಲದ ಡೈಆಕ್ಸೈಡ್ ಮೀಟರುಗಳನ್ನು ಹಂಚಲು ಮುಂದಾಯಿತು. ಕಿಟಕಿ ಯಾವಾಗ ತೆರೆಯಬೇಕೆಂದು ಮೇಷ್ಟ್ರಿಗೆ ಗೊತ್ತಾಗಲಿ ಎಂದು. ನಮ್ಮಲ್ಲಿ ಈ ವಿಚಾರ ಇನ್ನೂ ಮನೆಮಾತಾಗಿಲ್ಲ, ಆಗಬೇಕೆಂದು ನನ್ನ ಆಸೆ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಕಲಬುರಗಿಯ ಬೇಸಗೆಯಲ್ಲಿ ಮನೆಮನೆಗೆ ಬರುತ್ತಿರುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಹೊರಗಿರುವ ಪೆಟ್ಟಿಗೆಯೊಡನೆ ಅದಕ್ಕಿರುವುದು ತಾಮ್ರದ ಕೊಳವೆಯ ಸಂಬಂಧ, ಗಾಳಿಯದಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣಿಸಿ, ತೇವ ತೆಗೆದು ಮತ್ತೆ ಬಿಡುತ್ತದೆ. ಹಿಲ್‌ನ ಪೆಟ್ಟಿಗೆಯ ಫ್ಯಾನಿನಂತೆ ಇದೂ ಹಳೆಯ ಗಾಳಿಯಲ್ಲೇ ಹಿತ ಕೊಡುತ್ತದೆ, ಅಷ್ಟೇ. ಟ್ಯೂಷನ್ ಕೋಣೆಯಲ್ಲಿ ಮೂವತ್ತು ಮಕ್ಕಳು ಕೂತಿದ್ದಾರೆ, ಬಾಗಿಲು ಮುಚ್ಚಿದೆ, ಎಸಿ ತಂಪಾಗಿದೆ, ಯಾರಿಗೂ ಏನೂ ಅನಿಸುತ್ತಿಲ್ಲ. ಅಲ್ಲೊಂದು ಮೀಟರ್ ಇಟ್ಟರೆ ಪಾಠ ಮುಗಿಯುವ ಮೊದಲೇ ಅಂಕಿ 2000 ದಾಟುವುದು ಅಪರೂಪವಲ್ಲ. ಇಬ್ಬರು ಮಲಗಿದ ಸಣ್ಣ ಕೋಣೆಯಲ್ಲಿ ಬೆಳಗಿನ ಜಾವಕ್ಕೆ ಅದೇ ಕತೆ. ಕಿಟಕಿಯನ್ನು ನಾಲ್ಕು ಬೆರಳಷ್ಟು ಸರಿಸಿದರೆ ಅಂಕಿ ಇಳಿಯುವುದನ್ನು ಕೂತಲ್ಲೇ ನೋಡಬಹುದು.

ಎಲ್ಲ ಕಡೆ ಕಿಟಕಿ ತೆರೆಯುವುದೇ ಮದ್ದಲ್ಲ ಎಂಬುದೂ ನಿಜ. ರಿಂಗ್ ರೋಡಿನ ಪಕ್ಕದ ಮನೆಯವರಿಗೆ ಉಸಿರಿನ ಬದಲು ಹೊಗೆ, ದೂಳು ಬಂದೀತು. ಊದುಬತ್ತಿಯ ಹೊಗೆಯಾಗಲಿ, ಹೊಸ ಬಣ್ಣದ, ಪ್ಲೈವುಡ್ಡಿನ ಅಂಟಿನ ಆವಿಯಾಗಲಿ ಈ ಮೀಟರಿಗೆ ಕಾಣುವುದಿಲ್ಲ. ಅವಕ್ಕೆ ಬೇರೆ ಸೆನ್ಸರು ಬೇಕು. ಒಳ್ಳೆಯ ಕಟ್ಟಡಗಳಲ್ಲಿ ಹೊರಗಾಳಿಯನ್ನು ಸೋಸಿ, ಹೊರಹೋಗುವ ತಂಪುಗಾಳಿಯಿಂದ ಅದನ್ನು ಮೊದಲೇ ತಣಿಸಿ ಒಳಗೆ ಬಿಡುವ ಏರ್ಪಾಡು ಇರುತ್ತದೆ.

ಮೀಟರ್ ಕೊಳ್ಳುವವರಿಗೆ ಒಂದು ಮಾತು. ಸೆನ್ಸರು ವರ್ಷಗಟ್ಟಲೆ ಓಡಿದಂತೆ ಅದರ ಲೆಕ್ಕ ಮೆಲ್ಲಗೆ ಜಾರುತ್ತದೆ. ಅದನ್ನು ಸರಿಪಡಿಸಲು ಹಲವು ಮೀಟರುಗಳು ತಮ್ಮಷ್ಟಕ್ಕೆ ಒಂದು ಊಹೆ ಮಾಡುತ್ತವೆ: ಕಳೆದ ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಾಳಿಯದು, ಅದು 400 ಇರಬೇಕು. ರಾತ್ರಿ ಖಾಲಿಯಾಗುವ ಕಚೇರಿಗೆ ಈ ಊಹೆ ಸರಿ. ಹಗಲು-ರಾತ್ರಿ ಮೂರು ಪಾಳಿಯಲ್ಲಿ ಜನ ತುಂಬಿರುವ ಕಾಲ್‌ಸೆಂಟರಿಗೆ, ಸದಾ ಮುಚ್ಚಿದ ಮಲಗುವ ಕೋಣೆಗೆ ಅದು ಸರಿಯಲ್ಲ. ಅಲ್ಲಿ 700 ಇದ್ದುದನ್ನೇ ಮೀಟರು 400 ಎಂದು ತಿದ್ದಿಕೊಂಡು ಮುಂದೆಲ್ಲ ಸುಳ್ಳು ಹೇಳುತ್ತದೆ. ಆದ್ದರಿಂದ ಆಗಾಗ ಅದನ್ನು ಬಾಲ್ಕನಿಗೆ ಒಯ್ದು, ನಮ್ಮ ಉಸಿರು ತಾಗದ ಹಾಗೆ ಸ್ವಲ್ಪ ಹೊತ್ತು ಬಿಟ್ಟು, ಹೊರಗಾಳಿಯನ್ನು ತೋರಿಸಬೇಕು. ಆ ಹೊರಗಾಳಿಯೂ ಈಗ 400ರಲ್ಲಿ ಇಲ್ಲ. ಪೆಟೆನ್‌ಕೋಫರ್ ಬಾಟಲಿ ಕುಲುಕುತ್ತಿದ್ದಾಗ ಅದು 290ರ ಒಳಗಿತ್ತು, ಕೀಲಿಂಗ್ ಅಳೆದಾಗ 313, ಈಗ 420ನ್ನು ದಾಟಿದೆ. ಮೀಟರು ಮಾಡುವ ಕಂಪನಿಗಳು ತಮ್ಮ ಊಹೆಯ ಅಂಕಿಯನ್ನೇ ಬದಲಿಸಿಕೊಳ್ಳಬೇಕಾಗಿ ಬಂದಿದೆ.